ಸವದತ್ತಿಯ ಸೀಮೆಗೆ ಯಾವಾಗ ಹೋಗಬೇಕು?

ನಮ್ಮ ಮಂದಿಯಲ್ಲಿ ಯಾತ್ರೆಯೆಂದರೆ ಒಂದು ದಿನದ ಕೆಲಸ. ಪಂಚಾಂಗದಲ್ಲಿ ಹುಣ್ಣಿಮೆಯನ್ನು ನೋಡುವದು, ರೊಟ್ಟಿಯ ಬುತ್ತಿ ಕಟ್ಟುವದು, ನಸುಕಿನ ಬಸ್ಸು ಹಿಡಿಯುವದು, ನೂಕುನುಗ್ಗಲಿನಲ್ಲಿ ಮಕ್ಕಳ ಕೈ ಬಿಡದಂತೆ ಹಿಡಿದುಕೊಂಡು ದೇವರ ಮುಂದೆ ಕಾಯಿ ಒಡೆಯುವದು, ಸಂಜೆಗೆ ದಣಿದು ಮನೆ ಸೇರುವದು. ಮರುದಿನ ನೆರೆಯವರು “ಸವದತ್ತಿ ಹೇಗಿತ್ತು?” ಎಂದು ಕೇಳಿದರೆ “ಗದ್ದಲವೋ ಗದ್ದಲ” ಎಂಬದಿಷ್ಟೇ ನಮ್ಮ ಉತ್ತರ. ಊರನ್ನು ಕಂಡು ಬಂದೆವೆಂದು ಹೇಳುವೆವು. ಕಂಡದ್ದು ಮಾತ್ರ ಮುಂದೆ ನಿಂತವರ ಬೆನ್ನು.

ನಾವೂ ಬಹುಕಾಲ ಇಂಥ ಯಾತ್ರಿಕರೇ ಆಗಿದ್ದೆವು. ನಮ್ಮ ಮನೆ ಧಾರವಾಡದಲ್ಲಿ. ಅಲ್ಲಿಂದ ಸವದತ್ತಿಗೆ ಸುಮಾರು ೪೦ ಕಿಲೋಮೀಟರು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವದು ನಮ್ಮ ಅಜ್ಜಿಯ ಕಾಲದಿಂದ ನಡೆದುಬಂದ ವಾಡಿಕೆ. ಒಂದು ವರುಷ ಹುಣ್ಣಿಮೆಯ ಹೊತ್ತಿಗೆ ಮನೆಯ ಮಗುವಿಗೆ ಜ್ವರ ಬಂದು ಹೋಗುವದಾಗಲಿಲ್ಲ. ಹರಕೆ ಉಳಿಯಬಾರದೆಂದು ಶ್ರಾವಣದ ಒಂದು ಬುಧವಾರ ಹೋದೆವು. ತುಂತುರು ಮಳೆ, ತಣ್ಣನೆಯ ಗಾಳಿ, ಗುಡ್ಡದ ತುಂಬ ಹಸುರು. ಮಂದಿ ತೀರ ವಿರಳ. ದರ್ಶನವು ನಿಂತು ನೋಡುವಷ್ಟು ನಿಧಾನವಾಗಿ ಆಯಿತು. ಹೊರಗೆ ಬಳೆ ಮಾರುವ ಒಬ್ಬ ಮುದುಕಿಯು ನಮ್ಮ ಮನೆಯವರ ಕೈಗೆ ಹಸಿರು ಬಳೆ ತೊಡಿಸುತ್ತ ಹೇಳಿದಳು: “ಯವ್ವಾ, ಜಾತ್ರ್ಯಾಗ ಬಂದವರಿಗೆ ಮಂದಿ ಕಾಣತಾರ, ಊರು ಕಾಣಂಗಿಲ್ಲ. ಮಳಿಗಾಲದಾಗೊಮ್ಮೆ ಬಾ, ಚಳಿಗಾಲದಾಗೊಮ್ಮೆ ಬಾ, ಬ್ಯಾಸಿಗ್ಯಾಗೂ ಬಾ. ಆಮ್ಯಾಲೆ ಹೇಳು, ಸವದತ್ತಿ ನೋಡೇನಿ ಅಂತ.”

ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಮುಂದಿನ ಒಂದು ವರುಷದಲ್ಲಿ ನಾವು ಆ ಸೀಮೆಗೆ ಬೇರೆ ಬೇರೆ ಋತುಗಳಲ್ಲಿ ಹೋಗಿಬಂದೆವು. ಸವದತ್ತಿಯೊಡನೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳನ್ನೂ ಕಂಡೆವು. ನಮಗೆ ತಿಳಿದುಬಂದದ್ದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಮಳೆಗಾಲ

ಸವದತ್ತಿಯ ನೆಲವನ್ನು ತಿಳಿಯಬೇಕಾದವರು ಮೊದಲು ಅದರ ಕಲ್ಲನ್ನು ನೋಡಬೇಕು. ಸುತ್ತಲೆಲ್ಲ ಸಪಾಟಾದ ಎರೆಭೂಮಿ. ನಡುವೆ ಗೋಡೆಯಂತೆ ಎದ್ದು ನಿಂತ ಕೆಂಪುಛಾಯೆಯ ಗುಡ್ಡಗಳು. ಇವು ನೂರು ಕೋಟಿ ವರುಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದ ದಂಡೆಯಲ್ಲಿ ಬಿದ್ದ ಮರಳು ಗಟ್ಟಿಯಾಗಿ ಆದ ಬಂಡೆಗಳು. ಭೂಗರ್ಭಶಾಸ್ತ್ರಜ್ಞರು ಈ ಗಟ್ಟಿಯಾದ ಮರಳುಕಲ್ಲಿನ ಪದರಕ್ಕೆ ಸವದತ್ತಿಯ ಹೆಸರನ್ನೇ ಇಟ್ಟಿರುವರು. ಅದು ಸೇರಿರುವ ಶಿಲಾಸಮೂಹಕ್ಕೆ ರಾಮದುರ್ಗದ ಹೆಸರು. ಮಳೆ ಬಿದ್ದು ಧೂಳು ತೊಳೆದುಹೋದಾಗ ಈ ಬಂಡೆಗಳ ಮೇಲೆ ಅಲ್ಲಲ್ಲಿ ಅಲೆಯ ಗೆರೆಗಳು ಸ್ಪಷ್ಟವಾಗಿ ಕಾಣುವವು. ಕೆರೆಯ ದಂಡೆಯ ಹಸಿ ಮರಳಿನಲ್ಲಿ ನೀರು ಎಳೆದು ಹೋದ ಗುರುತುಗಳಂತೆಯೇ ಅವು ಇರುವವು. ನಮ್ಮ ಮಕ್ಕಳು ಅವುಗಳ ಮೇಲೆ ಬೆರಳಾಡಿಸಿ “ಇಲ್ಲಿಗೆ ಸಮುದ್ರ ಬಂದಿತ್ತೇ?” ಎಂದು ಬೆರಗಾದರು. ಪುಸ್ತಕದ ಹತ್ತು ಪಾಠಗಳಿಗಿಂತ ಆ ಒಂದು ಬಂಡೆಯು ಅವರಿಗೆ ಹೆಚ್ಚು ಕಲಿಸಿತು.

ಈ ಗುಡ್ಡಗಳ ಸಾಲನ್ನು ಮಲಪ್ರಭೆಯು ಸೀಳಿಕೊಂಡು ಹೋಗುವ ಸ್ಥಳವೇ ನವಿಲುತೀರ್ಥ. ನದಿಯು ಹರಿಯುತ್ತ ಬಂದು ಗುಡ್ಡ ಅಡ್ಡವಾದಾಗ ದಾರಿಗಾಣದೆ ನಿಂತಿತಂತೆ. ಮೇಲೆ ಕುಳಿತ ನವಿಲು ಕೂಗಿತಂತೆ. ಆ ಕೂಗಿಗೆ ಬೆಟ್ಟ ಬಿರಿದು ಹಾದಿ ಬಿಟ್ಟಿತಂತೆ. ಹೀಗೆಂದು ಹಿರಿಯರು ಹೇಳುವರು. ಆ ಇಕ್ಕಟ್ಟಿನಲ್ಲಿಯೇ ೧೯೭೦ರ ದಶಕದ ಆರಂಭಕ್ಕೆ ಅಣೆಕಟ್ಟು ಎದ್ದು ನಿಂತಿತು. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಇದರಲ್ಲಿ ತುಂಬುವ ನೀರು ೩೭.೭೩ ಟಿ.ಎಂ.ಸಿ., ಎಂದರೆ ಸುಮಾರು ೩,೭೭೩ ಕೋಟಿ ಘನ ಅಡಿ. ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟಿದ ನದಿಯು ಮಳೆಗಾಲದಲ್ಲಿ ಕೆಂಪಾಗಿ ಬಂದು ಇಲ್ಲಿ ತಂಗುವದು; ಇಲ್ಲಿಂದ ಬಿಟ್ಟ ನೀರು ರಾಮದುರ್ಗವನ್ನು ಹಾದು, ಪಟ್ಟದಕಲ್ಲು ಐಹೊಳೆಗಳ ಗುಡಿಗಳನ್ನು ಸೋಂಕಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು.

ಅಣೆಯ ಬಳಿಯಲ್ಲಿ ನಿಂತಾಗ ನಮಗೆ ಒಂದು ವಿಷಯದಲ್ಲಿ ನಾಚಿಕೆಯೆನಿಸಿತು. ಹುಬ್ಬಳ್ಳಿ-ಧಾರವಾಡದವರಾದ ನಾವು ದಿನಾಲು ನಲ್ಲಿ ತಿರುಗಿಸಿ ಕುಡಿಯುವ ನೀರು ಈ ಸಾಗರದ್ದು. ವರುಷಗಟ್ಟಲೆ ಕುಡಿದಿದ್ದೆವು, ಒಂದು ಸಾರೆಯೂ ನೋಡಿರಲಿಲ್ಲ. ಈ ನೀರಿಗಾಗಿ ಹೊಲಮನೆ ಬಿಟ್ಟು ಎದ್ದುಹೋದ ಹಳ್ಳಿಗರಿದ್ದಾರೆ. ಇದೇ ಕಾಲುವೆಯ ಕರದ ವ್ಯಾಜ್ಯದಲ್ಲಿ ೧೯೮೦ರ ಜುಲೈ ೨೧ರಂದು ನರಗುಂದ-ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾದರು. ೨೦೧೯ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ಮುನವಳ್ಳಿ, ರಾಮದುರ್ಗಗಳ ಮನೆಗಳಲ್ಲಿ ಹೊಕ್ಕಿತು. ಮನೆಯ ಹಿತ್ತಲಲ್ಲಿ ಬರುವ ನೀರಿನ ಹಿಂದೆ ಇಷ್ಟೊಂದು ಕಥೆಯಿರುವದನ್ನು ಮಕ್ಕಳಿಗೆ ತಿಳಿಸುವದಕ್ಕೆ ನವಿಲುತೀರ್ಥಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಮಳೆಗಾಲದ ಇನ್ನೊಂದು ನೋಟ ಬೈಲಹೊಂಗಲದ ಕಡೆಗಿರುವ ಸೊಗಲದ್ದು. ಗುಡ್ಡದ ಕೊರಕಲಿನಲ್ಲಿ ಸೋಮೇಶ್ವರನ ಗುಡಿ. ಅದರ ಮಗ್ಗುಲಲ್ಲಿಯೇ ಮೇಲಿನಿಂದ ಧುಮುಕುವ ನೀರು. ಬೇಸಿಗೆಯಲ್ಲಿ ಎಳೆಯಾಗಿರುವ ಧಾರೆಯು ಶ್ರಾವಣದಲ್ಲಿ ಭೋರ್ಗರೆಯುವದು. ಇಲ್ಲಿಯ ೯೮೦ನೆಯ ಇಸವಿಯ ಶಾಸನದಲ್ಲಿ ಚಾಲುಕ್ಯ ತೈಲಪನ ಕೈಕೆಳಗೆ ಕೂಂಡಿ ನಾಡನ್ನಾಳಿದ ರಟ್ಟ ಕಾರ್ತವೀರ್ಯನ ಹೆಸರು ಬರುವದು. ಸಾವಿರ ವರುಷಗಳ ಹಿಂದೆಯೂ ಜನರು ಈ ನೀರಿನ ಸದ್ದನ್ನು ಕೇಳುತ್ತ ಇಲ್ಲಿ ಕೈಮುಗಿದು ನಿಂತಿದ್ದರೆಂದು ಎಣಿಸಿದರೆ ಮೈ ಜುಮ್ಮೆನ್ನುವದು.

ನವರಾತ್ರಿಯಿಂದ ದೀಪಾವಳಿಯ ವರೆಗೆ

ಮಳೆ ಹಿಂದಾಗಿ ಆಕಾಶ ತಿಳಿಯಾಗುತ್ತಲೆ ಈ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತನೆಗೆ ಆರಂಭ. ನವರಾತ್ರಿಯ ದಿನಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಬರುವವರು ದೇವಿಯ ದೀಪಕ್ಕೆ ಎಣ್ಣೆ ಹಾಕಿ ಹೋಗುವರು. ದೊಡ್ಡ ಹುಣ್ಣಿಮೆಗಳ ನೂಕಾಟವನ್ನು ತಾಳಲಾರದ ವೃದ್ಧರು ಇಂಥ ದಿನಗಳಲ್ಲಿ, ಅದೂ ಮಂಗಳವಾರ ಶುಕ್ರವಾರಗಳನ್ನು ಬಿಟ್ಟು, ನಸುಕಿನಲ್ಲಿ ಹೋಗುವದು ಲೇಸು.

ಅಕ್ಟೋಬರದಲ್ಲಿ ಕಿತ್ತೂರಿಗೆ ಹೋಗಬೇಕು. ೧೮೨೪ರ ಅಕ್ಟೋಬರ ೨೩ರಂದು ಧಾರವಾಡದ ಕಲೆಕ್ಟರ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಪ್ರಾಣ ಬಿಟ್ಟನು. ರಾಣಿ ಚೆನ್ನಮ್ಮನ ಸೈನ್ಯ ಗೆದ್ದಿತು. ಆ ದಿನದ ನೆನಪಿಗಾಗಿ ಈಗ ಪ್ರತಿ ವರುಷ ಅಲ್ಲಿ ಉತ್ಸವವಾಗುವದು. ಆದರೆ ಉತ್ಸವ ಮುಗಿದ ಮರುವಾರ ಹೋದರೆ ಅರಮನೆಯ ಹಾಳುಗೋಡೆಗಳ ನಡುವೆ ನಿಶ್ಚಿಂತೆಯಿಂದ ಅಡ್ಡಾಡಬಹುದು. ಧ್ರುವ ನಕ್ಷತ್ರವನ್ನು ನೋಡುವದಕ್ಕೆಂದು ಮಾಡಿದ ಗೋಡೆಯ ಕಿಂಡಿಯೊಂದನ್ನು ಅಲ್ಲಿ ತೋರಿಸುವರು. ಅದಕ್ಕೆ ಕಣ್ಣಿಡುವಾಗ ಮಕ್ಕಳಿಗೆ ಇತಿಹಾಸವು ಹೊತ್ತಿಗೆಯಿಂದ ಎದ್ದು ಬಂದಂತಾಗುವದು.

ಗೆಲುವಿನ ಊರನ್ನು ಕಂಡವರು ಸೋಲಿನ ಊರನ್ನೂ ಕಾಣಬೇಕು. ಡಿಸೆಂಬರದಲ್ಲಿ ಕಂಪನಿಯವರು ದೊಡ್ಡ ದಂಡು ತಂದು ಕಿತ್ತೂರನ್ನು ಹಿಡಿದರು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ೧೮೨೯ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಆಕೆಯ ಸಮಾಧಿಯು ಆ ಊರಿನಲ್ಲಿದೆ. ಆಕೆಗಾಗಿ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನ ಊರು ಬೈಲಹೊಂಗಲದ ಸೀಮೆಯದೇ. ೧೮೩೧ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಿತ್ತೂರಿನಲ್ಲಿ ಎದೆ ಉಬ್ಬುವದು. ಬೈಲಹೊಂಗಲದಲ್ಲಿ ಕಣ್ಣು ತೇವವಾಗುವದು. ಎರಡೂ ಆಗದೆ ಆ ಕಥೆ ಪೂರ್ಣವಾಗುವದಿಲ್ಲ.

ಕಿತ್ತೂರಿಗೆ ಸಮೀಪದ ದೇಗಾವಿಯಲ್ಲಿ ಕಮಲನಾರಾಯಣನ ಗುಡಿಯಿದೆ. ಗೋವೆಯ ಕದಂಬರ ಪೆರ್ಮಾಡಿಯ ರಾಣಿ ಕಮಲಾದೇವಿಯು ೧೨ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಶಿಲ್ಪಿಯ ಹೆಸರು ತಿಪ್ಪೋಜ. ಅಲ್ಲಿಂದ ಹೆದ್ದಾರಿಗೆ ಬಂದರೆ ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿ. ಬಸವಣ್ಣನವರ ಪತ್ನಿ ಗಂಗಾಂಬಿಕೆಯರು ಐಕ್ಯರಾದ ಸ್ಥಳ. ರಾಣಿ ಚೆನ್ನಮ್ಮ, ಕಮಲಾದೇವಿ, ಗಂಗಾಂಬಿಕೆ, ಅತ್ತ ಗುಡ್ಡದ ಮೇಲೆ ರೇಣುಕೆ! ಹೆಣ್ಣುಮಕ್ಕಳ ಹೆಸರಿನಿಂದ ಇಷ್ಟೊಂದು ಊರುಗಳು ಬೆಳಗುವ ಸೀಮೆ ನಮ್ಮ ನಾಡಿನಲ್ಲಿ ಇನ್ನೊಂದು ಇರುವದೋ ಇಲ್ಲವೋ!

ಚಳಿಗಾಲ

ಊಟದ ಸವಿಯನ್ನು ಬಲ್ಲವರು ಮಾರ್ಗಶಿರ ಪುಷ್ಯಗಳಲ್ಲಿ ಹೋಗಬೇಕು. ಎರೆಭೂಮಿಯ ಗುಣವೇ ವಿಚಿತ್ರ. ಮಳೆಗಾಲದ ನೀರನ್ನು ಒಡಲಲ್ಲಿಟ್ಟುಕೊಂಡು, ಮೇಲೆ ಒಂದು ಹನಿ ಬೀಳದಿದ್ದರೂ ಆ ತೇವದಿಂದಲೇ ಬಿಳಿಜೋಳ, ಕಡಲೆ, ಗೋದಿ, ಕುಸುಬೆಗಳನ್ನು ಬೆಳೆಯಿಸುವದು. ಎಳ್ಳಮಾವಾಸ್ಯೆಯ ದಿನ ಒಕ್ಕಲಿಗರ ಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಈಗ ಟ್ರ್ಯಾಕ್ಟರುಗಳೂ ಹೋಗುವವು. ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಮೇಲೆ ಚರಗ ಚೆಲ್ಲಿ, ಬಳಿಕ ಎಲ್ಲರೂ ಕೂಡಿ ಉಣ್ಣುವರು.

ನಾವು ಆ ದಿನ ಹೂಲಿಯ ದಾರಿಯಲ್ಲಿ ನಡೆದುಹೋಗುತ್ತಿರುವಾಗ ಹೊಲದೊಳಗಿನಿಂದ ಒಬ್ಬ ಹಿರಿಯನು ಕೂಗಿದನು: “ಬರ್ರೀ ಯಪ್ಪಾ, ಅಮಾಸಿ ದಿವಸ ಹೊಲದ ಮುಂದ ಹಾದು ಹೋಗೋರು ಉಣ್ಣದ ಹೋಗಬಾರದು.” ನಮ್ಮ ಹೆಸರು, ಊರು, ಕುಲ ಯಾವದನ್ನೂ ಕೇಳದೆ ಕಂಬಳಿ ಹಾಸಿದರು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು, ಮೇಲೆ ಶೇಂಗಾ ಹೋಳಿಗೆ. ನಮ್ಮ ಮನೆಯವರೂ ಆ ಮನೆಯ ಸೊಸೆಯಂದಿರೂ ಗಳಿಗೆಯೊಳಗೆ ಅಕ್ಕತಂಗಿಯರಾದರು. ದುಡ್ಡು ಕೊಟ್ಟರೆ ಸಿಗುವ ಊಟಗಳನ್ನು ನಾವು ಬೇಕಾದಷ್ಟು ಉಂಡಿದ್ದೇವೆ. ಇದು ದುಡ್ಡಿಗೆ ಸಿಗುವಂಥದಲ್ಲ. ಮುಂದೆ ಎರಡು ಮೂರು ವಾರ ತಡೆದು ಹೋದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತೆಗೆದ ಬಿಸಿ ಬಿಸಿ ಸೀತನಿ ಸಿಗುವದು.

ಎಲ್ಲಮ್ಮನ ದೊಡ್ಡ ಜಾತ್ರೆಗಳೂ ಇದೇ ಕಾಲದವು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ, ಪುಷ್ಯದ ಬನದ ಹುಣ್ಣಿಮೆ, ಮಾಘದ ಭಾರತ ಹುಣ್ಣಿಮೆ. ಕರ್ನಾಟಕದಿಂದಲೂ ಮಹಾರಾಷ್ಟ್ರ, ಗೋವೆ, ಆಂಧ್ರ, ತೆಲಂಗಾಣಗಳಿಂದಲೂ ಲಕ್ಷಗಟ್ಟಲೆ ಜನರು ಬರುವರು. ಈಗಿನ ಗುಡಿಯನ್ನು ೧೫೧೪ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಹೇಳುವರು. ಜಮದಗ್ನಿಯು ಹತನಾದಾಗ ರೇಣುಕೆಯು ಬಳೆ ಒಡೆದುಕೊಂಡದ್ದು ಹೊಸ್ತಿಲ ಹುಣ್ಣಿಮೆಗೆ. ಮಗ ಪರಶುರಾಮನಿಂದ ಆತನು ಮರಳಿ ಜೀವ ಪಡೆದು ಆಕೆ ಮುತ್ತೈದೆಯಾದದ್ದು ಭಾರತ ಹುಣ್ಣಿಮೆಗೆ. ಈ ಎರಡು ಹುಣ್ಣಿಮೆಗಳ ನಡುವಣ ಎರಡು ತಿಂಗಳು ಗುಡ್ಡದ ಭಕ್ತರಿಗೆ ದುಃಖದಿಂದ ಸುಖದ ಕಡೆಗೆ ನಡೆಯುವ ಹಾದಿ. ಚೌಡಿಕೆಯ ನಾದ, ಹಾರುವ ಭಂಡಾರ, “ಉಧೋ ಉಧೋ” ಎಂಬ ಕೂಗು ಇವುಗಳನ್ನು ಜೀವಮಾನದಲ್ಲಿ ಒಮ್ಮೆಯಾದರೂ ಕೇಳಿ ನೋಡಬೇಕು.

ಇಲ್ಲಿ ಒಂದು ಕಹಿಮಾತನ್ನೂ ಮುಚ್ಚಿಡದೆ ಹೇಳುವದು ನಮ್ಮ ಕರ್ತವ್ಯ. ಭಕ್ತಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ಅವರ ಬಾಳನ್ನು ಹಾಳುಮಾಡುವ ರೂಢಿಯು ಈ ಗುಡ್ಡದ ಹೆಸರಿಗೆ ಅಂಟಿಕೊಂಡಿತ್ತು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿಯೂ, ಕರ್ನಾಟಕದಲ್ಲಿ ೧೯೮೨ರಲ್ಲಿಯೂ ಇದಕ್ಕೆ ವಿರೋಧವಾದ ಕಾಯದೆಗಳಾದವು. ಕಾಯದೆಗಿಂತ ಹೆಚ್ಚಿನ ಕೆಲಸವನ್ನು ಮಾಡಿದವರು ಆ ನೋವನ್ನು ಉಂಡ ಹೆಂಗಸರು. ಬೆಳಗಾವಿ ಜಿಲ್ಲೆಯಲ್ಲಿ ಅವರೇ ಸಂಘ ಕಟ್ಟಿಕೊಂಡು, ಮನೆ ಮನೆಗೆ ಹೋಗಿ, ನಮ್ಮ ಪಾಡು ನಿಮ್ಮ ಮಕ್ಕಳಿಗೆ ಬೇಡವೆಂದು ತಿಳಿಯಹೇಳಿದರು. ದೇವಿಯು ತಾಯಿಯೆಂದು ನಂಬಿ ಬರುವವರು ಈ ಹೆಣ್ಣುಮಕ್ಕಳ ಧೈರ್ಯಕ್ಕೂ ಒಂದು ನಮಸ್ಕಾರ ಮಾಡಬೇಕು.

ಜಾತ್ರೆಯನ್ನು ನೋಡಬೇಕು, ಆದರೆ ಇಷ್ಟೊಂದು ಜನಸಂದಣಿ ಬೇಡವೆನ್ನುವವರು ರಾಮದುರ್ಗ ತಾಲೂಕಿನ ಗೊಡಚಿಗೆ ಹೋಗಬಹುದು. ಅಲ್ಲಿಯ ವೀರಭದ್ರನ ಜಾತ್ರೆಯೂ ಮಾರ್ಗಶಿರದಲ್ಲಿಯೇ ಕೂಡುವದು. ರಾಮದುರ್ಗವು ೧೯೪೮ರಲ್ಲಿ ವಿಲೀನವಾಗುವ ವರೆಗೆ ಸಣ್ಣದೊಂದು ಸಂಸ್ಥಾನದ ರಾಜಧಾನಿಯಾಗಿದ್ದ ಊರು. ಅದೇ ಸೀಮೆಯ ತೊರಗಲ್ಲಿನಲ್ಲಿ ಕೋಟೆಯೂ ಭೂತನಾಥನ ಹಳೆಯ ಗುಡಿಯೂ ಇವೆ.

ಹೂಲಿಯ ಕಲ್ಲುಗಳು

ಈ ಸೀಮೆಗೆ ಮತ್ತೆ ಮತ್ತೆ ಹೋಗಬೇಕೆಂದು ನಾವು ಒತ್ತಿ ಹೇಳುವದಕ್ಕೆ ಮುಖ್ಯ ಕಾರಣವನ್ನು ಇನ್ನು ಹೇಳುವೆವು.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ೯ನೆಯ ಶತಮಾನದಿಂದ ೧೩ನೆಯ ಶತಮಾನದ ವರೆಗೆ ಕೂಂಡಿ ಮೂರುಸಾವಿರವನ್ನಾಳಿದ ರಟ್ಟರ ರಾಜಧಾನಿಯಿದು. ಮುಂದೆ ಅವರು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ನೆಲೆ ಬದಲಿಸಿದರು. ಇಲ್ಲಿಯ ಶಾಸನಗಳನ್ನು ೧೯ನೆಯ ಶತಮಾನದಲ್ಲಿ ಫ್ಲೀಟರು ಓದಿ ಅಚ್ಚು ಹಾಕಿಸಿದ್ದರಿಂದ ರಟ್ಟರ ಇತಿಹಾಸ ಬೆಳಕಿಗೆ ಬಂದಿತು. ಸವದತ್ತಿಯ ಪೂರ್ವಕ್ಕೆ ೯ ಕಿಲೋಮೀಟರಿನ ಮೇಲೆ ಹೂಲಿ. ಹಿಂದೆ ಇದು ‘ಪೂಲಿ’ಯೆಂಬ ಹೆಸರಿನ ಅಗ್ರಹಾರ, ಇಲ್ಲಿ ಸಾವಿರ ಮಂದಿ ಮಹಾಜನರಿದ್ದರೆಂದು ಶಾಸನಗಳು ಹೇಳುವವು. ಪಂಚಲಿಂಗೇಶ್ವರನ ಗುಡಿ ಚಾಲುಕ್ಯರ ಕಾಲದ ಭವ್ಯವಾದ ಕಟ್ಟಡ. ಐದು ಗರ್ಭಗುಡಿಗಳು, ಕಡೆದ ಕಂಬಗಳು, ತಂಪಾದ ಮಂಟಪ. ಊರ ಸುತ್ತಲೂ ಗುಡ್ಡದ ಬುಡದಲ್ಲಿಯೂ ಅಂಧಕೇಶ್ವರ, ಮದನೇಶ್ವರ, ತಾರಕೇಶ್ವರ, ಭವಾನಿಶಂಕರ ಮೊದಲಾದ ಅನೇಕ ಗುಡಿಗಳಿವೆ. ಅವುಗಳಲ್ಲಿ ಎಷ್ಟೋ ಮಾಡು ಕುಸಿದು, ಗಿಡಗಂಟಿ ಬೆಳೆದು, ಹಾಳುಬಿದ್ದಿವೆ.

ಅಂಥದೊಂದು ಗುಡಿಯ ಮಗ್ಗುಲಲ್ಲಿ ಒಂದು ಶಾಸನದ ಕಲ್ಲಿತ್ತು. ಅದರ ಮೇಲೆ ಯಾರದೋ ಒದ್ದೆಬಟ್ಟೆ ಒಣಗುತ್ತಿತ್ತು. ದನ ಕಾಯುವ ಹುಡುಗನೊಬ್ಬನು ಬಂದು ಬಟ್ಟೆಯನ್ನು ಸರಿಸಿ ಕೇಳಿದನು: “ಇದರಾಗ ಏನ ಬರದಾರ್ರೀ ಸರ? ನಿಮಗ ಓದಾಕ ಬರತೈತೇನ್ರಿ?” ನಾವು ಬಾಗಿ ನೋಡಿದೆವು. ಕನ್ನಡವೇ ಹೌದು, ಒಂದೆರಡು ಅಕ್ಷರಗಳು ಗುರುತಿಗೆ ಸಿಕ್ಕವು, ಮುಂದೆ ಓದಲು ಬರಲಿಲ್ಲ. ಕನ್ನಡ ಬಲ್ಲವರೆಂದು ತಿರುಗಾಡುವ ನಾವು ಕನ್ನಡದ ಕಲ್ಲಿನ ಮುಂದೆ ನಿರಕ್ಷರರಾಗಿ ನಿಂತೆವು. “ನಮಗೂ ಬರುವದಿಲ್ಲಪ್ಪ” ಎಂದು ಒಪ್ಪಿಕೊಂಡೆವು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ತಡೆದು, “ಹುಣ್ಣಿಮಿಗೆ ಇಷ್ಟ ಮಂದಿ ಬರತಾರ್ರೀ, ಇಲ್ಲಿಗ್ಯಾರೂ ಬರಂಗಿಲ್ಲ” ಎಂದನು.

ಆ ಹುಡುಗನು ಹೇಳಿದ್ದೇ ನಿಜ. ಗುಡ್ಡಕ್ಕೆ ಬರುವ ಲಕ್ಷ ಜನರಲ್ಲಿ ನೂರು ಜನರಾದರೂ ಹೂಲಿಯ ಕಡೆಗೆ ಹೊರಳಿದರೆ ಆ ಕಲ್ಲಿಗೆ ಬೆಲೆ ಬರುವದು. ನೋಡುವವರಿದ್ದರೆ ತೋರಿಸುವವರು ಹುಟ್ಟುವರು. ತೋರಿಸಿ ನಾಲ್ಕು ಕಾಸು ಕಂಡವರು ಕಾಯುವವರಾಗುವರು. ವರುಷಕ್ಕೆ ಒಂದು ದಿನ ಜನ ಬಂದು ಹೋದರೆ ಊರಿಗೆ ಕಸ ಉಳಿಯುವದು. ವರುಷವೆಲ್ಲ ಹತ್ತು ಹತ್ತು ಜನರಂತೆ ಬಂದರೆ ಊರಿಗೆ ಬಾಳ್ವೆಯಾಗುವದು. ಬಳೆಯ ಮುದುಕಿಯ ಮಾತಿನ ಅರ್ಥವು ನಮಗೆ ಪೂರ್ತಿಯಾಗಿ ತಿಳಿದದ್ದು ಹೂಲಿಯಲ್ಲಿ. ಹುಣ್ಣಿಮೆಯಿಂದ ಹುಣ್ಣಿಮೆಯ ವರೆಗೆ ಆಕೆಯ ಹೊಟ್ಟೆಯೂ ತುಂಬಬೇಕಲ್ಲವೆ?

ಬೇಸಿಗೆ

ಬೇಸಿಗೆಯಲ್ಲಿ ಸವದತ್ತಿಗೆ ಹೋಗುವವರನ್ನು ಮಂದಿ ಹುಚ್ಚರೆನ್ನುವರು. ಬಿಸಿಲು ಕಡುವಾದದ್ದು ನಿಜ. ಆದರೂ ಯುಗಾದಿಯ ಹೊತ್ತಿಗೆ ಶಿರಸಂಗಿಯಲ್ಲಿ ಕಾಳಿಕಾದೇವಿಯ ಜಾತ್ರೆಯಿರುವದು. ವಿಶ್ವಕರ್ಮರಿಗೆ ಇದು ಮುಖ್ಯ ಕ್ಷೇತ್ರ. ಶಿರಸಂಗಿಯ ಹೆಸರು ಬಂದಾಗ ಲಿಂಗರಾಜ ದೇಸಾಯಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ೧೮೬೧ರಲ್ಲಿ ಹುಟ್ಟಿ ೧೯೦೬ರಲ್ಲಿ ತೀರಿಕೊಂಡ ಆ ಮಹನೀಯರು ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಆ ಹಣದ ನೆರವಿನಿಂದ ಓದಿದ ಬಡ ವಿದ್ಯಾರ್ಥಿಗಳು ಎಷ್ಟೋ ಮಂದಿ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಸವದತ್ತಿಯ ಊರೊಳಗಣ ಕೋಟೆಯೂ ೧೮ನೆಯ ಶತಮಾನದಲ್ಲಿ ಶಿರಸಂಗಿಯ ದೇಸಗತಿಯವರು ಕಟ್ಟಿಸಿದ್ದು. ಬೆಳಗಿನ ಆರರಿಂದ ಎಂಟು ಗಂಟೆಯೊಳಗೆ ಅದರ ಗೋಡೆಯ ಮೇಲೇರಿದರೆ ಊರೂ ಹೊಲಗಳೂ ಕಣ್ತುಂಬ ಕಾಣುವವು; ಗಾಳಿಯೂ ತಂಪಾಗಿರುವದು.

ಚೈತ್ರದ ದವನದ ಹುಣ್ಣಿಮೆಗೆ ಗುಡ್ಡದಲ್ಲಿ ಮತ್ತೆ ಜಾತ್ರೆ. ಅದು ಮುಗಿದ ಮೇಲೆ ವೈಶಾಖದಲ್ಲಿ ರೇಣುಕಾಸಾಗರದ ದಂಡೆಗೆ ಇನ್ನೊಮ್ಮೆ ಹೋಗಿರಿ. ಶ್ರಾವಣದಲ್ಲಿ ಕಡಲಿನಂತೆ ಕಂಡಿದ್ದ ನೀರು ದೂರ ಸರಿದಿರುವದು. ಬಿರಿದ ಮಣ್ಣಿನ ಮೇಲೆ ಕುರಿಗಳು ಮೇಯುತ್ತಿರುವವು. ನಮ್ಮ ಮಗಳು ಅದನ್ನು ನೋಡಿ ಮನೆಗೆ ಬಂದವಳು ಅಂದಿನಿಂದ ನಲ್ಲಿಯನ್ನು ಬಿಟ್ಟು ಹೋಗುವದನ್ನು ನಿಲ್ಲಿಸಿದಳು. ನಾವು ಹತ್ತು ವರುಷ ಬೈದರೂ ಆಗದ ಕೆಲಸವನ್ನು ಆ ಬತ್ತಿದ ದಂಡೆಯು ಒಂದು ಗಳಿಗೆಯಲ್ಲಿ ಮಾಡಿತು. ಬೇಸಿಗೆಯಲ್ಲಿ ಹೋಗುವದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೇ?

ಹೋಗುವವರಿಗೆ ನಾಲ್ಕು ಮಾತು

ಸವದತ್ತಿಗೆ ರೈಲಿಲ್ಲ. ಧಾರವಾಡದ ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕು. ಬೆಳಗಾವಿಯಿಂದಲೂ ಬೈಲಹೊಂಗಲದಿಂದಲೂ ಬಸ್ಸುಗಳಿವೆ. ಕಿತ್ತೂರು ಬೆಳಗಾವಿ-ಧಾರವಾಡಗಳ ಹೆದ್ದಾರಿಯ ಮೇಲೆಯೇ ಇರುವದರಿಂದ ಅದನ್ನು ಹೋಗುವಾಗಲಾಗಲಿ ಬರುವಾಗಲಾಗಲಿ ನೋಡಬಹುದು. ಎಲ್ಲವನ್ನೂ ಒಂದೇ ದಿನ ಮುಗಿಸಬೇಕೆಂಬ ಆತುರ ಬೇಡ. ಮೊದಲ ಸಾರೆ ಗುಡ್ಡ, ನವಿಲುತೀರ್ಥ, ಹೂಲಿ. ಎರಡನೆಯ ಸಾರೆ ಕಿತ್ತೂರು, ದೇಗಾವಿ, ಬೈಲಹೊಂಗಲ, ಸೊಗಲ. ಮೂರನೆಯ ಸಾರೆ ಶಿರಸಂಗಿ, ಗೊಡಚಿ, ರಾಮದುರ್ಗ, ತೊರಗಲ್ಲು. ಹೀಗೆ ಹಂಚಿಕೊಂಡರೆ ಮಕ್ಕಳಿಗೂ ವೃದ್ಧರಿಗೂ ದಣಿವಾಗದು.

ಮಳೆಗಾಲದಲ್ಲಿ ಸೊಗಲದ ನೀರಿನ ಬುಡಕ್ಕೂ ಅಣೆಯ ಕೆಳಗಣ ಹೊಳೆಗೂ ಮಕ್ಕಳನ್ನು ಇಳಿಯಗೊಡಬಾರದು, ಬಂಡೆಗಳು ಪಾಚಿಗಟ್ಟಿ
ಜಾರುವವು. ಹಳೆಯ ಗುಡಿಗಳಲ್ಲಿ ಶಾಸನದ ಮೇಲೆ ಎಣ್ಣೆ ಸುರಿಯುವದು, ಸುಣ್ಣ ಬಳಿಯುವದು, ಹೆಸರು ಕೆತ್ತುವದು ಇವುಗಳನ್ನು ನಾವೂ ಮಾಡದೆ ಇತರರಿಗೂ ತಿಳಿಯಹೇಳಬೇಕು. ಬುತ್ತಿಯ ಕಾಗದ, ಪ್ಲಾಸ್ಟಿಕ್ಕಿನ ಚೀಲ ಮೊದಲಾದವನ್ನು ಮರಳಿ ಮನೆಗೆ ತರುವದು ಉತ್ತಮ. ಅಲ್ಲಿಯ ಮಂದಿಯಿಂದ ಒಂದು ಸೇರು ಜೋಳವನ್ನೋ ಒಂದು ಡಜನ್ ಬಳೆಯನ್ನೋ ಕೊಂಡುಕೊಂಡರೆ ನಮಗೆ ಹೊರೆಯಾಗದು, ಅವರಿಗೆ ನೆರವಾಗುವದು.

ವರುಷ ತಿರುಗಿ ಮತ್ತೆ ಶ್ರಾವಣ ಬಂದಾಗ ನಾವು ಗುಡ್ಡಕ್ಕೆ ಹೋಗಿ ಆ ಮುದುಕಿಯನ್ನು ಹುಡುಕಿದೆವು. ಅದೇ ಸ್ಥಳದಲ್ಲಿ ಕುಳಿತಿದ್ದಳು. ನಾಲ್ಕೂ ಕಾಲ ನೋಡಿ ಬಂದೆವೆಂದು ಹೇಳಿದಾಗ ಆಕೆ ಬಳೆಯ ಸರವನ್ನು ಬಿಚ್ಚುತ್ತ, “ಹಂಗಾರ ಈಗ ಹೇಳವ್ವಾ, ಊರು ಹ್ಯಾಂಗೈತಿ?” ಎಂದು ಕೇಳಿದಳು. ನಮ್ಮ ಮನೆಯವರು ನಗುತ್ತ, “ಇನ್ನೂ ಪೂರಾ ನೋಡಿಲ್ಲ ಯಮ್ಮಾ” ಎಂದರು. ಮುದುಕಿಗೆ ಆ ಉತ್ತರದಿಂದ ಬಹಳ ಸಂತೋಷವಾದಂತೆ ಕಂಡಿತು. ಒಂದು ಬಳೆಯನ್ನು ಹೆಚ್ಚಿಗೆ ತೊಡಿಸಿದಳು.

ವಾಚಕರೂ ಈ ವರುಷ ಹುಣ್ಣಿಮೆಯಲ್ಲದ ಒಂದು ದಿನವನ್ನು ಆರಿಸಿಕೊಂಡು ಮನೆಮಂದಿಯೊಡನೆ ಸವದತ್ತಿಯ ಸೀಮೆಗೆ ಹೋಗಿಬರಬೇಕೆಂದು ನಮ್ಮ ಬಿನ್ನಹ. ಹೂಲಿಯಲ್ಲಿ ಆ ಹುಡುಗನು ಸಿಕ್ಕರೆ, ಅವನ ಕಲ್ಲಿನ ಒಂದೆರಡು ಸಾಲನ್ನಾದರೂ ಓದಿ ಹೇಳುವಷ್ಟು ಹಳೆಯ ಅಕ್ಷರಗಳನ್ನು ಕಲಿತು ಹೋದರೆ ಇನ್ನೂ ಲೇಸು. ನಾವು ಕಲಿಯಲು ಆರಂಭಿಸಿದ್ದೇವೆ.